ದೋಣಿಯ ಹಿಂದೆ ಏನು ಕಟ್ಟಬೇಕು? ಸರೋವರದ ಟ್ರೌಟ್ ಮತ್ತು ಎರೆಯ ಆಯ್ಕೆ

(ಭಾಷಣವಾಗಿ ಹೇಳಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ವೇದಿಕೆಯ ಮೇಲೆ ಉದ್ದನೆಯ ನೀರಿನ ತೊಟ್ಟಿ ಇಟ್ಟುಕೊಂಡು ಕೆಲವು ಲ್ಯೂರ್‌ಗಳನ್ನು, ಅಂದರೆ ಹುಸಿ ಎರೆಗಳನ್ನು, ಎಳೆದು ತೋರಿಸಿದ್ದೆ. ಆ ಭಾಗವನ್ನು ಇಲ್ಲಿ ಮಾತಿನಲ್ಲೇ ತೀರಿಸಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ. ಈ ಪೆಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ಲ್ಯೂರ್‌ಗಳಿವೆ. ಸಭೆ ಶುರುವಾಗುವ ಮೊದಲೇ ಮೂವರು ಬಂದು ಇಣುಕಿ, ಟ್ರೌಟ್ ಮೀನಿಗೆ ಇದರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರು. ಉತ್ತರಕ್ಕೆ ಮುಂಚೆ ನನ್ನ ಪೆದ್ದುತನದ ಕಥೆಯೊಂದನ್ನು ಕೇಳಿ.

ಟ್ರೋಲಿಂಗ್, ಅಂದರೆ ಸಾಗುವ ದೋಣಿಯ ಹಿಂದೆ ಎರೆ ಎಳೆದು ಮೀನು ಹಿಡಿಯುವುದನ್ನು, ಕಲಿಯುತ್ತಿದ್ದ ಹೊಸದು. ಒಂದು ದಿನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮೋಟಾರ್ ದೋಣಿಯಲ್ಲಿ ಸುತ್ತಿದೆ. ಒಂಬತ್ತು ಲ್ಯೂರ್ ಬದಲಿಸಿದೆ: ಕೆಂಪು, ಹಸಿರು, ಬೆಳ್ಳಿ, ಚುಕ್ಕೆಯದು, ಪಟ್ಟೆಯದು. ಒಂದು ಮೀನೂ ಮುಟ್ಟಲಿಲ್ಲ. ಅದೇ ನೀರಿನಲ್ಲಿ ವಯಸ್ಸಾದವರೊಬ್ಬರು ಪುಟ್ಟ ದೋಣಿಗೆ ಹುಟ್ಟು ಹಾಕಿಕೊಂಡು, ಗಾಳದ ಕೋಲನ್ನು ಕಾಲಿಗೆ ಒರಗಿಸಿಕೊಂಡು ನಾಲ್ಕು ಟ್ರೌಟ್ ಹಿಡಿದರು. ದಡಕ್ಕೆ ಬಂದಾಗ ನಾಚಿಕೆ ಬಿಟ್ಟು ಕೇಳಿದೆ. ಬಣ್ಣ ಮಾಸಿದ ತಾಮ್ರದ ಸ್ಪೂನ್ ಒಂದನ್ನು, ಅಂದರೆ ಚಮಚದಾಕಾರದ ಲ್ಯೂರ್ ಒಂದನ್ನು, ತೋರಿಸಿದರು. ಮಾರನೆಯ ದಿನವೇ ಅಂಥದ್ದೊಂದನ್ನು ಕೊಂಡು ತಂದೆ. ಮೂರು ವಾರ ಎಳೆದೆ. ಏನೂ ಇಲ್ಲ. ನಾನು ಅವರ ಸ್ಪೂನ್ ನೋಡಿದ್ದೆ, ಅವರ ಹುಟ್ಟು ನೋಡಿರಲಿಲ್ಲ. ಹುಟ್ಟಿನ ಒಂದೊಂದು ಎಳೆತಕ್ಕೂ ದೋಣಿ ಮುಂದಕ್ಕೆ ಜಿಗಿಯುತ್ತದೆ, ಎರಡು ಎಳೆತಗಳ ನಡುವೆ ನಿಧಾನವಾಗುತ್ತದೆ. ಹಿಂದಿನ ಸ್ಪೂನ್ ಹೊಳೆದು ಮೇಲೇಳುತ್ತದೆ, ಮತ್ತೆ ಸೋತವರ ಹಾಗೆ ಕೆಳಗೆ ಬೀಳುತ್ತದೆ. ನನ್ನ ಮೋಟಾರಿನ ಹಿಂದೆ ಅದೇ ಸ್ಪೂನ್ ಗಿರಗಿರನೆ ಒಂದೇ ಸಮನೆ ಸುತ್ತುತ್ತಿತ್ತು, ಅಷ್ಟೆ.

ಹಾಗಾಗಿ ನಾನು ಲ್ಯೂರ್ ಆರಿಸುವಾಗ ಕೇಳಿಕೊಳ್ಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೀನು ಯಾವ ಆಳದಲ್ಲಿದೆ? ಎಷ್ಟು ವೇಗದಲ್ಲಿ ಎಳೆಯುತ್ತೇನೆ? ಆ ವೇಗಕ್ಕೆ ಯಾವ ಲ್ಯೂರ್ ಸರಿಯಾಗಿ ಕುಣಿಯುತ್ತದೆ? ಎಷ್ಟು ಉದ್ದದ್ದು? ಬಣ್ಣದ ಪ್ರಶ್ನೆ ಕೊನೆಗೆ ಬರುತ್ತದೆ. ಅಂಗಡಿಯಲ್ಲಿ ನಾವೆಲ್ಲ ಇದನ್ನು ಬುಡಮೇಲು ಮಾಡಿ ಬಣ್ಣದಿಂದಲೇ ಶುರು ಮಾಡುತ್ತೇವೆ.

ಹೊಸಬರಿಗಾಗಿ ಒಂದು ಮಾತು. ಟ್ರೋಲ್ ಎಂದ ಕೂಡಲೇ ಈಗ ಮೊಬೈಲ್ ನೆನಪಾಗುತ್ತದೆ, ಇನ್ನು ಕೆಲವರಿಗೆ ಸಮುದ್ರದಲ್ಲಿ ದೊಡ್ಡ ಬಲೆ ಎಳೆಯುವ ಟ್ರಾಲಿಂಗ್. ಇದು ಎರಡೂ ಅಲ್ಲ. ನಿಧಾನವಾಗಿ ಸಾಗುವ ದೋಣಿಯ ಹಿಂದೆ ದಾರ ಬಿಟ್ಟು, ಅದರ ತುದಿಯಲ್ಲಿ ನಿಜವಾದ ಎರೆಯನ್ನೋ ಹುಸಿ ಎರೆಯನ್ನೋ ಎಳೆದುಕೊಂಡು ಹೋಗುವ ಬೇಟೆ. ಹುಸಿ ಎರೆಯನ್ನು ಎಲ್ಲರೂ ಲ್ಯೂರ್ ಅನ್ನುವುದರಿಂದ ನಾನೂ ಹಾಗೇ ಅನ್ನುತ್ತೇನೆ. ನಿಜವಾದದ್ದಕ್ಕೆ ನಮ್ಮ 'ಎರೆ' ಇದ್ದೇ ಇದೆ. ಮಣ್ಣಿನ ಹುಳಕ್ಕೆ ಎರೆಹುಳ ಎಂದು ಹೆಸರಿಟ್ಟವರು ಅದನ್ನು ಕೊಕ್ಕೆಗೆ ಸಿಕ್ಕಿಸಿಯೇ ಹೆಸರಿಟ್ಟಿರಬೇಕು!

ಇನ್ನು ಆಳ. ಟ್ರೌಟ್ ತಂಪು ನೀರಿನ ಜೀವಿ. ರೇನ್‌ಬೋ ಟ್ರೌಟ್‌ಗೆ 12ರಿಂದ 16 ಡಿಗ್ರಿ ಸೆಲ್ಸಿಯಸ್ ಹಿತ. ಬ್ರೌನ್ ಟ್ರೌಟ್‌ಗೂ ಹೆಚ್ಚುಕಡಿಮೆ ಅಷ್ಟೇ. ಲೇಕ್ ಟ್ರೌಟ್‌ಗೆ 10 ಡಿಗ್ರಿಯ ಆಸುಪಾಸು ಬೇಕು. ವಂಶದ ಲೆಕ್ಕದಲ್ಲಿ ಅದು ಚಾರ್ ಮೀನುಗಳ ಗುಂಪಿಗೆ ಸೇರಿದ್ದು, ಆಳದ ಚಳಿ ಅದಕ್ಕೆ ತವರಿದ್ದಂತೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ವಸಂತದಲ್ಲಿ ಮಂಜು ಕರಗಿದ ಮೇಲೆ ಸರೋವರದ ನೀರು ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ತಾಪಮಾನಕ್ಕೆ ಬಂದು ಕಲೆಯುತ್ತದೆ. ಆಗ ಟ್ರೌಟ್ ಮೇಲೆಯೇ, ದಡದ ಹತ್ತಿರವೇ ಸಿಗುತ್ತದೆ. ಬೇಸಗೆ ಬಂದರೆ ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ, ನಡುವೆ ತಾಪಮಾನ ದಿಢೀರನೆ ಇಳಿಯುವ ಒಂದು ಪದರ. ಅದನ್ನು ಥರ್ಮೋಕ್ಲೈನ್ ಅನ್ನುತ್ತಾರೆ. ರೇನ್‌ಬೋ ಆ ಪದರದ ಸುತ್ತಮುತ್ತ ಇರುತ್ತದೆ, ಲೇಕ್ ಟ್ರೌಟ್ ಅದಕ್ಕೂ ಕೆಳಗೆ. ದಾರಕ್ಕೆ ಕಟ್ಟಿ ಇಳಿಬಿಡುವ ಒಂದು ಥರ್ಮಾಮೀಟರ್ ನಿಮ್ಮ ಬಳಿ ಇಲ್ಲದಿದ್ದರೆ ಮುಂದಿನ ಲ್ಯೂರ್ ಕೊಳ್ಳುವುದನ್ನು ನಿಲ್ಲಿಸಿ ಮೊದಲು ಅದನ್ನು ಕೊಳ್ಳಿ.

ಆಳಕ್ಕೆ ಇಳಿಸುವ ಸಾಧನಗಳ ಬಗ್ಗೆಯೇ ಇನ್ನೊಂದು ದಿನ ಮಾತಾಡಬಹುದು. ಸೀಸದ ತಿರುಳಿರುವ ದಾರಕ್ಕೆ ಸುಮಾರು 9 ಮೀಟರ್‌ಗೊಂದು ಬಣ್ಣ ಹಾಕಿರುತ್ತಾರೆ, ಎಷ್ಟು ಬಣ್ಣ ಬಿಟ್ಟೆವೆಂದು ಎಣಿಸಿ ಆಳ ಅಂದಾಜು ಮಾಡುತ್ತೇವೆ. ಡೌನ್‌ರಿಗ್ಗರ್ ಇದ್ದರೆ ಭಾರದ ಗುಂಡು ದಾರವನ್ನು ಬೇಕಾದ ಆಳದಲ್ಲೇ ಹಿಡಿದಿರುತ್ತದೆ. ಯಾವುದಾದರೂ ಸರಿ, ಲ್ಯೂರ್ ಮೀನಿಗಿಂತ ತುಸು ಮೇಲೆ ಹಾದುಹೋಗಲಿ. ಟ್ರೌಟ್ ಮೇಲೆ ನೋಡಿ ನುಗ್ಗುವಷ್ಟು ಸುಲಭವಾಗಿ ಕೆಳಗೆ ಬಗ್ಗಿ ಹುಡುಕುವುದಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ವೇಗ ಮತ್ತು ಕುಣಿತ.

ತೊಟ್ಟಿಯಲ್ಲಿ ಮೊದಲು ಎಳೆದದ್ದು ಸ್ಪೂನ್. ಹೆಸರಿನ ಹಾಗೆ ಇದು ಹಿಡಿ ಮುರಿದ ಚಮಚವೇ. ಅಮೆರಿಕದಲ್ಲಿ ಜೂಲಿಯೋ ಬ್ಯುಯೆಲ್ ಎಂಬಾತ 1852ರಲ್ಲಿ ಇಂಥ ಲ್ಯೂರ್‌ಗೆ ಪೇಟೆಂಟ್ ಪಡೆದ. ದೋಣಿಯಲ್ಲಿ ಊಟ ಮಾಡುವಾಗ ಕೈಜಾರಿದ ಚಮಚವನ್ನು ಮೀನೊಂದು ಹಾರಿ ಹಿಡಿಯಿತು, ಅದರಿಂದ ಹೊಳೆಯಿತು ಅಂತ ಕಥೆ. ಕಥೆ ನಿಜವೋ ಸುಳ್ಳೋ, ಅದರಲ್ಲಿ ಗಮನಿಸಬೇಕಾದ ಸಂಗತಿ ಚಮಚ ಬೀಳುತ್ತಿತ್ತು ಅನ್ನುವುದು. ತೆಳು ತಗಡಿನ ಸ್ಪೂನ್ ಗಂಟೆಗೆ 2.5 ಕಿ.ಮೀ. ವೇಗದಲ್ಲೇ ಅಗಲವಾಗಿ ಓಲಾಡತೊಡಗುತ್ತದೆ. ಆದರೆ ಅದಕ್ಕೆ ಸ್ವಂತ ತೂಕವಿಲ್ಲ, ಆಳಕ್ಕೆ ಇಳಿಸಲು ಬೇರೆ ಭಾರ ಬೇಕು. ದಪ್ಪ ಸ್ಪೂನ್ ದಡದಿಂದ ಬೀಸಿ ಎಸೆಯಲು ಮಾಡಿದ್ದು. ಅದೇ ವೇಗದಲ್ಲಿ ಅದು ಸತ್ತ ಕಬ್ಬಿಣದ ಹಾಗೆ ಜೋತಾಡಿಕೊಂಡು ಬರುತ್ತದೆ, 4 ಕಿ.ಮೀ. ದಾಟಿದ ಮೇಲೆಯೇ ಜೀವ ಬರುವುದು. ನನ್ನ ತಾಮ್ರದ ಸ್ಪೂನ್ ತೆಳುವಾಗಿತ್ತು, ನಾನು ಅದನ್ನು ದಪ್ಪ ಸ್ಪೂನಿನ ವೇಗದಲ್ಲಿ ಎಳೆದಿದ್ದೆ. ಓಲಾಡಬೇಕಾದದ್ದು ಬುಗುರಿಯಾಗಿ ದಾರವನ್ನೆಲ್ಲ ಹುರಿಗೊಳಿಸಿತ್ತು.

ಎರಡನೆಯದು ಪ್ಲಗ್, ಅಂದರೆ ಮರದಲ್ಲೋ ಪ್ಲಾಸ್ಟಿಕ್‌ನಲ್ಲೋ ಮಾಡಿದ ಪುಟ್ಟ ಮೀನು. ಫಿನ್ಲೆಂಡಿನ ಲೌರಿ ರಪಾಲಾ 1936ರಲ್ಲಿ ಬೆಂಡಿನ ತುಂಡನ್ನು ಚಮ್ಮಾರರ ಚಾಕುವಿನಲ್ಲಿ ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಲೇಪನ ಹಚ್ಚಿ ತನ್ನ ಮೊದಲ ಲ್ಯೂರ್ ಮಾಡಿದ. ಅವನು ಕಂಡುಕೊಂಡದ್ದು ಸರಳ: ಮರಿಮೀನುಗಳ ದೊಡ್ಡ ಹಿಂಡಿನಲ್ಲಿ ಬೇಟೆಯ ಮೀನು ನುಗ್ಗುವುದು ಒಂದು ಪಕ್ಕಕ್ಕೆ ವಾಲಿಕೊಂಡು ಈಜುವ ಗಾಯಾಳುವಿನ ಮೇಲೆ. ಆ ವಾಲಾಟವನ್ನೇ ಅವನು ಬೆಂಡಿಗೆ ಕಲಿಸಿದ. ಇಂಥ ನೀಳ ಪ್ಲಗ್‌ಗಳು 3ರಿಂದ 5 ಕಿ.ಮೀ. ವೇಗದಲ್ಲಿ ಚೆನ್ನಾಗಿ ಓಡುತ್ತವೆ, ದೊಡ್ಡ ಬ್ರೌನ್ ಟ್ರೌಟ್‌ಗೆ ನನ್ನ ಮೊದಲ ಆಯ್ಕೆ ಇವೇ. ಬಾಳೆಹಣ್ಣಿನ ಹಾಗೆ ಬಾಗಿದ ಅಗಲ ಮೈಯ ಪ್ಲಗ್‌ಗಳ ಜಾತಿಯೇ ಬೇರೆ. ಅವುಗಳನ್ನು ಆಮೆಯ ನಡಿಗೆಯಲ್ಲಿ ಎಳೆಯಬೇಕು, ಅವಸರ ಮಾಡಿದರೆ ಪಲ್ಟಿ ಹೊಡೆದು ನೀರಿನ ಮೇಲೆ ಬರುತ್ತವೆ.

ಸ್ಪಿನ್ನರ್‌ನಲ್ಲಿ ತಂತಿಯ ಸುತ್ತ ತಗಡಿನ ಎಲೆಯೊಂದು ತಿರುಗುತ್ತದೆ. ಎಲೆ ಉದ್ದವಾಗಿ ಕಿರಿದಾಗಿದ್ದರೆ ತಂತಿಗೆ ಒತ್ತಿಕೊಂಡು ವೇಗವಾಗಿ ಸುತ್ತುತ್ತದೆ, ಮಿಂಚು ಹೆಚ್ಚು, ಸದ್ದು ಕಡಿಮೆ. ಗುಂಡಗಿದ್ದರೆ ದೂರ ಹರಡಿಕೊಂಡು ನಿಧಾನವಾಗಿ ಸುತ್ತಿ ನೀರನ್ನು ದಬದಬ ತಟ್ಟುತ್ತದೆ. ಮೀನಿನ ಎರಡೂ ಮಗ್ಗುಲಲ್ಲಿ ಉದ್ದಕ್ಕೆ ಓಡುವ ಒಂದು ಗೆರೆಯಿದೆಯಲ್ಲ, ಆ ಪಾರ್ಶ್ವರೇಖೆಯಿಂದ ಅದು ಹತ್ತಿರದ ಇಂಥ ಕಂಪನವನ್ನು ಗ್ರಹಿಸುತ್ತದೆ. ನೀರು ಕದಡಿದ್ದರೆ ಗುಂಡು ಎಲೆ, ತಿಳಿಯಾಗಿದ್ದರೆ ಕಿರಿದೆಲೆ. ಇಷ್ಟು ಸಾಕು.

ಗಂಟು ಹಾಕುವಲ್ಲಿ ಆಗುವ ತಪ್ಪೊಂದಿದೆ. ಪ್ಲಗ್‌ನ ಮೂತಿಗೇ ದಪ್ಪನೆಯ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ) ಸಿಕ್ಕಿಸಿದರೆ ಅದು ಮೂಗುದಾರ ಬಿಗಿದ ಹೋರಿಯ ಹಾಗೆ ತಲೆ ತಗ್ಗಿಸುತ್ತದೆ, ಕುಣಿಯುವುದಿಲ್ಲ. ಸಣ್ಣ ಕೊಂಡಿ ಅಥವಾ ಕುಣಿಕೆ ಗಂಟು ಸಾಕು. ಸ್ವಿವೆಲ್ ಬೇಕಾದರೆ ಒಂದು ಮೀಟರ್ ಮುಂದಿರಲಿ.

ಯಾವುದನ್ನು ಕಟ್ಟಿದರೂ ದಾರ ಬಿಡುವ ಮುಂಚೆ ದೋಣಿಯ ಪಕ್ಕದಲ್ಲೇ ನೀರಿಗಿಳಿಸಿ ಅರ್ಧ ನಿಮಿಷ ನೋಡಿ. ಕುಣಿಯದಿದ್ದರೆ ಮೊದಲು ವೇಗ ಬದಲಿಸಿ, ಆಮೇಲೆ ಲ್ಯೂರ್. ಎರಡು ಬೇರೆ ಬೇರೆ ವೇಗದ ಲ್ಯೂರ್‌ಗಳನ್ನು ಒಂದೇ ದೋಣಿಯ ಹಿಂದೆ ಬಿಡುವವರನ್ನು ಆಗಾಗ ಕಾಣುತ್ತೇನೆ. ಎತ್ತು ಏರಿಗೆ, ಕೋಣ ನೀರಿಗೆ.

ಜಿಪಿಎಸ್ ತೋರಿಸುವ ವೇಗವನ್ನೂ ಪೂರ್ತಿ ನಂಬಬೇಡಿ. ಅದು ಹೇಳುವುದು ನೆಲಕ್ಕೆ ಹೋಲಿಸಿದ ದೋಣಿಯ ವೇಗ. ಗಾಳಿಗೆ ಮೇಲಿನ ನೀರು ಒಂದು ಕಡೆ ಸರಿಯುತ್ತಿದ್ದರೆ ಕೆಳಗಿನ ನೀರು ಎದುರು ದಿಕ್ಕಿಗೆ ಸರಿಯುತ್ತಿರಬಹುದು. ಹೋಗುವಾಗ ಮೀನು ಸಿಕ್ಕಿ ಬರುವಾಗ ಸಿಗದಿದ್ದರೆ ಇದೂ ಕಾರಣವಿದ್ದೀತು. ದೋಣಿಯನ್ನು ಹಾವಿನಂತೆ ಓಡಿಸಿ ನೋಡಿ. ತಿರುವಿನ ಒಳಬದಿಯ ಲ್ಯೂರ್ ನಿಧಾನವಾಗಿ ಕೆಳಗಿಳಿಯುತ್ತದೆ, ಹೊರಬದಿಯದು ವೇಗ ಪಡೆದು ಮೇಲೇಳುತ್ತದೆ. ಒಳಬದಿಗೇ ಮತ್ತೆ ಮತ್ತೆ ಮೀನು ಬಿದ್ದರೆ ವೇಗ ತಗ್ಗಿಸಿ, ಇಲ್ಲವೇ ಇನ್ನಷ್ಟು ಆಳಕ್ಕೆ ಬಿಡಿ. ಹತ್ತು ಲ್ಯೂರ್ ಬದಲಿಸಿದರೂ ಸಿಗದ ಉತ್ತರ ಒಂದು ತಿರುವಿನಲ್ಲಿ ಸಿಗುತ್ತದೆ.

ಲ್ಯೂರ್‌ನ ಮುಂದೆ ಕಟ್ಟುವ ದೊಡ್ಡ ತಗಡುಗಳ ಬಗ್ಗೆ ಮುಂದಿನ ಸಾಲಿನವರು ಕೇಳಿದರು. ಡಾಡ್ಜರ್ ಅಕ್ಕಪಕ್ಕಕ್ಕೆ ತೊಟ್ಟಿಲ ಹಾಗೆ ತೂಗುತ್ತದೆ, ಫ್ಲ್ಯಾಷರ್ ಪೂರ್ತಿ ಸುತ್ತು ಹೊಡೆಯುತ್ತದೆ. ಡಾಡ್ಜರ್ ಸುತ್ತು ಹೊಡೆಯತೊಡಗಿದರೆ ನೀವು ಅವಸರದಲ್ಲಿದ್ದೀರಿ ಎಂದೇ ಅರ್ಥ. ಇವು ದೂರದ ಮೀನನ್ನು ಕರೆಯುತ್ತವೆ, ಹಿಂದಿನ ಎರೆಗೆ ಕುಣಿತವನ್ನೂ ಕೊಡುತ್ತವೆ. ಸ್ವಂತ ಕುಣಿತವಿಲ್ಲದ ಫ್ಲೈ (ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಸಿ ಎರೆ) ಅಥವಾ ಹುಳ ಕಟ್ಟಿದ್ದರೆ ನಡುವಿನ ದಾರ ಗಿಡ್ಡವಿರಬೇಕು, 30ರಿಂದ 60 ಸೆಂ.ಮೀ. ಪ್ಲಗ್ ಅಥವಾ ಸ್ಪೂನ್ ತಾನೇ ಕುಣಿಯುವಂಥದ್ದು, ಅದಕ್ಕೆ ಉದ್ದ ಬಿಡಿ. ಹೊಳೆಯುವ ಎಲೆಗಳನ್ನು ಸಾಲಾಗಿ ಪೋಣಿಸಿದ ಉದ್ದ ಸರಗಳೂ ಇವೆ. ಹಿಂದೆ ಒಂದು ಎರೆಹುಳ ಕಟ್ಟಿ ಗಂಟೆಗೆ ಎರಡು ಕಿ.ಮೀ. ಒಳಗಿನ ವೇಗದಲ್ಲಿ ಎಳೆದರೆ ರೇನ್‌ಬೋ ಹಿಡಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಸಿಕ್ಕಿದ ಮೀನು ಸರದ ಭಾರಕ್ಕೆ ಒದ್ದಾಡುವುದು ಕೈಗೆ ತಿಳಿಯುವುದಿಲ್ಲ ಅನ್ನುವುದೊಂದೇ ಬೇಸರ.

ಎರೆಹುಳವನ್ನು ಮುದ್ದೆ ಮಾಡಿ ಸಿಕ್ಕಿಸುವುದು ನಿಂತ ನೀರಿನಲ್ಲಿ ಕಾಯುವವರ ಪದ್ಧತಿ. ಎಳೆದಾಗ ಆ ಮುದ್ದೆ ಗಿರಕಿ ಹೊಡೆಯುತ್ತದೆ, ಯಾವ ಹುಳವೂ ಹಾಗೆ ಈಜುವುದಿಲ್ಲ. ತಲೆಯಿಂದ ಶುರು ಮಾಡಿ ಕಾಲುಚೀಲ ಹಾಕುವ ಹಾಗೆ ಕೊಕ್ಕೆಯ ಕಾಂಡದ ಮೇಲಕ್ಕೆ ಏರಿಸಿ, ನೆಟ್ಟಗೆ ಇರಲಿ, ಬಾಲ ಎರಡು ಮೂರು ಸೆಂ.ಮೀ. ಮಾತ್ರ ಹೊರಗೆ ತೂಗಲಿ. ಬಾಲ ಉದ್ದವಾದರೆ ಟ್ರೌಟ್ ಅದನ್ನು ಕಚ್ಚಿಕೊಂಡು ಹೋಗುತ್ತದೆ, ನಿಮಗೆ ಉಳಿಯುವುದು ಅರ್ಧ ಹುಳ. ದೊಡ್ಡ ಹುಳವಾದರೆ ಒಂದರ ಹಿಂದೊಂದು ಎರಡು ಕೊಕ್ಕೆ ಕಟ್ಟಿ. ಸತ್ತ ಸಣ್ಣ ಮೀನನ್ನು ಎರೆಯಾಗಿ ಬಳಸುವವರು ಅದರ ಮೈಯನ್ನು ತುಸು ಬಾಗಿಸಿ ಕಟ್ಟುತ್ತಾರೆ. ಆಗ ಅದು ನಿಧಾನವಾಗಿ ಉರುಳುತ್ತಾ ಬರುತ್ತದೆ, ಥೇಟ್ ಪ್ರಾಣ ಹೋಗುತ್ತಿರುವ ಮೀನಿನ ಹಾಗೆ. ಡಬ್ಬಿಯಲ್ಲಿ ಬರುವ ಹಿಟ್ಟಿನಂಥ ಎರೆ ಟ್ರೋಲಿಂಗ್‌ಗೆ ಹೇಳಿದ್ದಲ್ಲ, ಎಳೆದರೆ ಕರಗಿ ಹೋಗುತ್ತದೆ.

ಕೈಯ ವಾಸನೆಯ ಬಗ್ಗೆ ಹೇಳಿದರೆ ಕೆಲವರು ನಗುತ್ತಾರೆ. ಸಸ್ತನಿಗಳ ಚರ್ಮದಲ್ಲಿರುವ ಸೆರೀನ್ ಎಂಬ ಅಮೈನೋ ಆಮ್ಲಕ್ಕೆ ಟ್ರೌಟ್‌ನ ದಾಯಾದಿಗಳಾದ ಸಾಲ್ಮನ್ ಬೆದರುವುದನ್ನು 1950ರ ದಶಕದಲ್ಲೇ ಕಂಡುಕೊಂಡಿದ್ದರು. ಪೆಟ್ರೋಲ್ ಮುಟ್ಟಿದ ಕೈಯಲ್ಲಿ, ಬಿಸಿಲಿನ ಕ್ರೀಮ್ ಹಚ್ಚಿದ ಕೈಯಲ್ಲಿ ಹುಳ ಪೋಣಿಸಬೇಡಿ. ಸೋಪಿನಿಂದ ತೊಳೆದು ಸರೋವರದ ನೀರಿನಲ್ಲೇ ಜಾಲಿಸಿಕೊಳ್ಳಿ.

ಎರೆಗೆ ಕಾನೂನೂ ಇದೆ. ಕೆಲವು ಸರೋವರಗಳಲ್ಲಿ ಲ್ಯೂರ್ ಮಾತ್ರ, ಕೆಲವು ಕಡೆ ಮುಳ್ಳಿಲ್ಲದ ಒಂಟಿ ಕೊಕ್ಕೆ ಮಾತ್ರ, ಬಹಳ ಕಡೆ ಜೀವಂತ ಮೀನನ್ನು ಎರೆಯಾಗಿ ತರುವಂತಿಲ್ಲ. ಒಂದು ನೀರಿನ ಮೀನನ್ನು ಇನ್ನೊಂದಕ್ಕೆ ಒಯ್ದರೆ ಜೊತೆಗೆ ರೋಗವೂ ಹೋಗುತ್ತದೆ. ಉತ್ತರ ಅಮೆರಿಕದ ಮಹಾ ಸರೋವರಗಳಲ್ಲಿ 2005ರ ಹೊತ್ತಿಗೆ ಮೀನುಗಳಿಗೆ ರಕ್ತಸ್ರಾವ ತರುವ ವೈರಸ್ ಕಾಣಿಸಿಕೊಂಡ ಮೇಲೆ ಅಲ್ಲಿನ ಎರೆಮೀನಿನ ನಿಯಮಗಳು ಬಿಗಿಯಾದವು. ಸೀಸದ ಗುಂಡುಗಳದೂ ಅದೇ ಕಥೆ. ಹಂಸಗಳು ಅವನ್ನು ನುಂಗಿ ಸಾಯುತ್ತಿದ್ದುದರಿಂದ 1987ರಲ್ಲಿ ಇಂಗ್ಲೆಂಡ್ 28.35 ಗ್ರಾಂವರೆಗಿನ ಬಹುತೇಕ ಸೀಸದ ಗುಂಡುಗಳ ಮಾರಾಟವನ್ನು ನಿಲ್ಲಿಸಿತು.

ಅಳತೆ ಹೇಗೆ ಆರಿಸುವುದು? ಆ ಸರೋವರದ ಟ್ರೌಟ್ ಏನು ತಿನ್ನುತ್ತದೆ ಎಂದು ಕೇಳಿ. ನ್ಯೂಜಿಲೆಂಡಿನ ಟೌಪೋ ಸರೋವರಕ್ಕೆ ರೇನ್‌ಬೋಗಳ ಆಹಾರಕ್ಕೆಂದೇ 1930ರ ದಶಕದಲ್ಲಿ ಸ್ಮೆಲ್ಟ್ ಎಂಬ ಸಣ್ಣ ಬೆಳ್ಳಿ ಮೀನನ್ನು ತಂದು ಬಿಟ್ಟರು. ಅಲ್ಲಿ ನಸುಕಿನಲ್ಲಿ ದೋಣಿಯನ್ನು ಮೆಲ್ಲಗೆ ಬಿಟ್ಟುಕೊಂಡು, ಸ್ಮೆಲ್ಟ್‌ನಷ್ಟೇ ಉದ್ದದ ಫ್ಲೈಯನ್ನು ನೀರಿನ ಮೇಲ್ಮೈಯಲ್ಲೇ ಎಳೆಯುತ್ತಾರೆ. ಸ್ಕಾಟ್ಲೆಂಡಿನ ಆಳದ ಸರೋವರಗಳಲ್ಲಿ ಫೆರಾಕ್ಸ್ ಎಂಬ ಭಾರಿ ಬ್ರೌನ್ ಟ್ರೌಟ್ ಇದೆ, ಅದರ ಊಟ ಆರ್ಕ್‌ಟಿಕ್ ಚಾರ್. ಅದಕ್ಕೆ ಐದು ಸೆಂ.ಮೀ. ಸ್ಪೂನ್ ಎಳೆಯುವುದು ಆನೆಗೆ ಅರೆಕಾಸಿನ ಕಡಲೆ ಹಾಕಿದ ಹಾಗೆ, ಅಂಗೈಗಿಂತ ಉದ್ದದ ಎರೆ ಬೇಕು. ಆಹಾರ ಬದಲಾದರೆ ಬೇಟೆಯೂ ಬದಲಾಗುತ್ತದೆ. ಅಮೆರಿಕದ ಮೊಂಟಾನಾ ರಾಜ್ಯದ ಫ್ಲಾಟ್‌ಹೆಡ್ ಸರೋವರದಲ್ಲಿ ಕೊಕನೀ ಸಾಲ್ಮನ್ ಹೇರಳವಾಗಿತ್ತು. ಮೇಲಿನ ಕೆರೆಗಳಿಗೆ ಮೀನಿನ ಮೇವಿಗೆಂದು ಬಿಟ್ಟ ಮೈಸಿಸ್ ಸಿಗಡಿ ಹರಿದು ಬಂದು 1981ರಲ್ಲಿ ಅಲ್ಲಿ ಕಾಣಿಸಿತು. ಹಗಲೆಲ್ಲ ತಳದಲ್ಲಿ ಅಡಗಿ ರಾತ್ರಿ ಮೇಲೆ ಬರುವ ಈ ಸಿಗಡಿ ಕೊಕನೀಯ ಬಾಯಿಗೆ ಸಿಗಲೇ ಇಲ್ಲ, ಬದಲಿಗೆ ಕೊಕನೀಯ ಊಟವಾದ, ನೀರಿನಲ್ಲಿ ತೇಲುವ ಪುಟಾಣಿ ಜೀವಿಗಳನ್ನೇ ತಿಂದು ಮುಗಿಸಿತು. ತಳದಲ್ಲಿರುವ ಲೇಕ್ ಟ್ರೌಟ್ ಮರಿಗಳಿಗೆ ಹಬ್ಬ. 1980ರ ದಶಕ ಮುಗಿಯುವ ಹೊತ್ತಿಗೆ ಕೊಕನೀ ಕುಸಿದುಬಿತ್ತು, ಲೇಕ್ ಟ್ರೌಟ್ ತುಂಬಿಕೊಂಡಿತು. ಇಂಥ ನೀರಿಗೆ ಹಳೆಯ ಪೆಟ್ಟಿಗೆ ಒಯ್ದು ಮೇಲೆಮೇಲೆ ಎಳೆದರೆ ಪ್ರಯೋಜನವಿಲ್ಲ.

ಈಗ ಬಣ್ಣ. ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರ್‌ಗಳಲ್ಲೇ ಹೀರಿಕೊಳ್ಳುತ್ತದೆ, ಆಮೇಲೆ ಕಿತ್ತಳೆ, ಹಳದಿ. ತಿಳಿ ನೀರಿನಲ್ಲಿ ಆಳಕ್ಕೆ ಹೋಗುವುದು ನೀಲಿ, ಪಾಚಿಗಟ್ಟಿದ ನೀರಿನಲ್ಲಿ ಹಸಿರು. 20 ಮೀಟರ್ ಕೆಳಗೆ ನಿಮ್ಮ ಕೆಂಪು ಲ್ಯೂರ್ ಕಪ್ಪು ಲ್ಯೂರ್. ಫ್ಲೂರೊಸೆಂಟ್ ಬಣ್ಣಗಳು ಮಾತ್ರ ನೀಲಿ ಹಸಿರು ಬೆಳಕನ್ನು ಹೀರಿ ತಮ್ಮ ಬಣ್ಣವನ್ನೇ ಹೊರಸೂಸುವುದರಿಂದ ಇನ್ನಷ್ಟು ಆಳದವರೆಗೆ ಉಳಿಯುತ್ತವೆ. ಅತಿನೇರಳೆ ಬಣ್ಣ ಹಚ್ಚಿದ್ದೆಂದು ದುಬಾರಿ ಲ್ಯೂರ್‌ಗಳು ಬರುತ್ತವೆ. ಎಳೆಯ ರೇನ್‌ಬೋ ಕಣ್ಣಿನಲ್ಲಿ ಅತಿನೇರಳೆ ಕಾಣುವ ಕೋಶಗಳು ಇರುವುದು ನಿಜ. ಆದರೆ ಬೆಳೆಯುತ್ತಾ ಅವು ಬಹುಪಾಲು ಮಾಯವಾಗುತ್ತವೆ, ನಾವು ಹುಡುಕುವುದೋ ದೊಡ್ಡ ಮೀನನ್ನು! ನನ್ನ ರೂಢಿ ಇಷ್ಟೇ: ಬಿಸಿಲು, ತಿಳಿ ನೀರು ಇದ್ದರೆ ಬೆಳ್ಳಿ. ಮೋಡ ಇದ್ದರೆ ತಾಮ್ರ ಅಥವಾ ಹಿತ್ತಾಳೆ. ನಸುಕು ಮುಸ್ಸಂಜೆಗಳಲ್ಲಿ ಕಪ್ಪು, ಏಕೆಂದರೆ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಎದುರು ಅದರ ಆಕಾರ ಸ್ಪಷ್ಟ. ಇದಕ್ಕಿಂತ ಹೆಚ್ಚು ಹೊತ್ತು ಬಣ್ಣದ ಚಿಂತೆ ಮಾಡಿದ ದಿನಗಳಲ್ಲಿ ನಾನು ಹೆಚ್ಚು ಮೀನು ಹಿಡಿದದ್ದು ನೆನಪಿಲ್ಲ.

ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಚೆನ್ನಾಗಿತ್ತು: "ಮೋಟಾರ್ ದೋಣಿಯಲ್ಲಿ ಹುಟ್ಟಿನ ಆ ಏರಿಳಿತ ತರುವುದು ಹೇಗೆ?" ಕೋಲನ್ನು ಹಿಡಿಕೆಯಲ್ಲಿ ನೆಟ್ಟು ಕೂರಬೇಡಿ, ಕೈಯಲ್ಲಿ ಹಿಡಿಯಿರಿ. ನಿಮಿಷಕ್ಕೆರಡು ಬಾರಿ ಮುಂದಕ್ಕೆ ನಿಧಾನವಾಗಿ ಎಳೆದು, ಮತ್ತೆ ಹಿಂದಕ್ಕೆ ಬಿಡಿ. ಬಿಡುವಾಗ ದಾರ ಪೂರ್ತಿ ಸಡಿಲವಾಗಕೂಡದು, ಟ್ರೌಟ್ ಬಾಯಿ ಹಾಕುವುದು ಹೆಚ್ಚಾಗಿ ಆ ಕ್ಷಣದಲ್ಲೇ. ಆಗಾಗ ಮೋಟಾರನ್ನು ಎರಡು ಮೂರು ಸೆಕೆಂಡ್ ನ್ಯೂಟ್ರಲ್‌ಗೆ ಹಾಕಿದರೂ ಆದೀತು.

ಆ ಹಿರಿಯರು ಕೋಲನ್ನು ಕಾಲಿಗೆ ಒರಗಿಸಿಕೊಂಡಿದ್ದರೆಂದು ಆರಂಭದಲ್ಲಿ ಹೇಳಿದೆನಲ್ಲ, ಅದೂ ನನಗೆ ಬಹಳ ತಡವಾಗಿ ಅರ್ಥವಾಯಿತು. ಎರಡೂ ಕೈಯಲ್ಲಿ ಹುಟ್ಟು ಇದ್ದುದರಿಂದ ಅವರು ಸ್ಪೂನಿನ ಮಿಡಿತವನ್ನು ತೊಡೆಯಲ್ಲಿ ಎಣಿಸುತ್ತಿದ್ದರು. ಕೊಕ್ಕೆಗೆ ಒಂದು ಎಳೆ ಪಾಚಿ ಸಿಕ್ಕಿದರೂ ಆ ಮಿಡಿತ ನಿಲ್ಲುತ್ತದೆ. ನಿಂತ ಕೂಡಲೇ ದಾರ ಸುತ್ತಿ, ಪಾಚಿ ಕಿತ್ತು, ಮತ್ತೆ ಬಿಡುತ್ತಿದ್ದರು. ನಾನೋ, ಆ ಮೂರು ವಾರದಲ್ಲಿ ಎಷ್ಟು ಗಂಟೆ ಬರೀ ಪಾಚಿ ಎಳೆದೆನೋ.